ತೊಟ್ಟಿಲಿಲ್ಲದ ನಾಮಕರಣ

ನಮ್ಮ ಮನೆಗಳಲ್ಲಿ ಮಗು ಹುಟ್ಟಿದರೆ ಹೆಸರಿಗೆ ಬಡತನವಿಲ್ಲ. ಅಜ್ಜನ ಹೆಸರಿದೆ, ಮನೆದೇವರ ಹೆಸರಿದೆ, ಜನ್ಮನಕ್ಷತ್ರ ಸೂಚಿಸುವ ಅಕ್ಷರವಿದೆ. ಇವೆಲ್ಲದರ ಜತೆಗೆ ಸೋದರತ್ತೆಯ ಹಟವೂ ಇದೆ. ಆದರೆ ಲೇಖಕನ ಮೇಜಿನ ಮೇಲೆ ಹುಟ್ಟುವ ಸಂಸಾರಕ್ಕೆ ಅಜ್ಜನೂ ಇಲ್ಲ, ನಕ್ಷತ್ರವೂ ಇಲ್ಲ. ರೇಡಿಯೋ, ಟೆಲಿವಿಷನ್ನುಗಳ ಮೂಲಕ ವಾರವಾರವೂ ಜನರ ಮನೆಯೊಳಕ್ಕೆ ಬಂದ ಹಾಸ್ಯ ಧಾರಾವಾಹಿಗಳ ಸಂಸಾರಗಳು ಇಂಥವು. ಇವಕ್ಕೆ ಹೆಸರಿಟ್ಟವರು ಯಾರು? ಹೇಗೆ ಇಟ್ಟರು? ವಿಷಯ ಹಗುರವೆಂದು ತೋರಬಹುದು. ಆದರೆ ಅದರೊಳಗೆ ಒಂದು ಗಂಭೀರ ಪ್ರಶ್ನೆ ಅಡಗಿದೆ: ನಾವು ನಗುವುದು ಯಾರನ್ನು ಕುರಿತು?

ಅಮೆರಿಕದಲ್ಲಿ 1948ರಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ರೇಡಿಯೋ ಧಾರಾವಾಹಿ ಆರಂಭವಾಯಿತು. ಅದರ ದಂಪತಿಗಳು ಒಂದು ಪುಸ್ತಕದಿಂದ ಬಂದವರು. ಬರುವಾಗ ಕ್ಯೂಗಾಟ್ ಎಂಬ ಮನೆತನದ ಹೆಸರನ್ನೂ ತಂದಿದ್ದರು. ಆಗ ಆ ನಾಡಿನಲ್ಲಿ ಝೇವಿಯರ್ ಕ್ಯೂಗಾಟ್ ಎಂಬ ವಾದ್ಯವೃಂದದ ನಾಯಕರು ಮನೆಮಾತಾಗಿದ್ದರು. ಕೇಳುಗರಿಗೆ ಗೊಂದಲ ಬೇಡವೆಂದು ಕ್ಯೂಗಾಟ್ ದಂಪತಿಗಳನ್ನು ಕೂಪರ್ ದಂಪತಿಗಳನ್ನಾಗಿ ಮಾಡಲಾಯಿತು.

ಅದರ ನಾಯಕಿ ಲೂಸಿಲ್ ಬಾಲ್ 1951ರಲ್ಲಿ ಟೆಲಿವಿಷನ್ನಿಗೆ ಬಂದರು. ‘ಐ ಲವ್ ಲೂಸಿ’ಯ ಲೂಸಿಗೆ ಹೆಸರು ಬಂದದ್ದು ನಟಿಯಿಂದಲೇ. ಕಷ್ಟವಾದದ್ದು ಗಂಡನ ಹೆಸರು. ಆ ಪಾತ್ರ ವಹಿಸಿದವರು ಲೂಸಿಲ್ ಅವರ ನಿಜಜೀವನದ ಪತಿ, ಕ್ಯೂಬಾದಲ್ಲಿ ಹುಟ್ಟಿದ ಡೆಸಿ ಅರ್ನಾಝ್. ಅಮೆರಿಕದ ಹೆಣ್ಣಿಗೆ ಕ್ಯೂಬಾದ ಗಂಡನನ್ನು ಪ್ರೇಕ್ಷಕರು ಒಪ್ಪಿಯಾರೇ ಎಂದು ಪ್ರಸಾರ ಸಂಸ್ಥೆ ಅಳುಕಿತ್ತು. ಆ ಅಳುಕನ್ನು ಹೋಗಲಾಡಿಸಲು ದಂಪತಿಗಳು 1950ರಲ್ಲಿ ಊರೂರು ತಿರುಗಿ ರಂಗದ ಮೇಲೆ ಜತೆಯಾಗಿ ನಟಿಸಿ ತೋರಿಸಿದರು. ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಹೆಸರು ಲ್ಯಾರಿ ಲೋಪೆಝ್. ಆದರೆ ವಿನ್ಸೆಂಟ್ ಲೋಪೆಝ್ ಎಂಬವರೂ ಪ್ರಸಿದ್ಧ ವಾದ್ಯವೃಂದದ ನಾಯಕರೇ! ಕಡೆಗೆ ಲ್ಯಾರಿ ಲೋಪೆಝ್ ಹೋಗಿ ರಿಕಿ ರಿಕಾರ್ಡೊ ಬಂದ. ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಹೆಸರನ್ನು ಬದಲಿಸಿದರೇ ಹೊರತು ಅದನ್ನು ಸ್ಮಿತ್ ಎಂದೋ ಜೋನ್ಸ್ ಎಂದೋ ಮಾಡಲಿಲ್ಲ. ಹೊರನಾಡಿನ ಗಂಡ ಹೊರನಾಡಿನ ಹೆಸರಿನಿಂದಲೇ ಅಮೆರಿಕದ ನಡುಮನೆಯಲ್ಲಿ ಕುಳಿತ. ನೆರೆಮನೆಯ ಮರ್ಟ್ಝ್ ದಂಪತಿಗಳ ಹೆಸರು ಲೇಖಕಿ ಮ್ಯಾಡಲಿನ್ ಪ್ಯೂ ಅವರ ಇಂಡಿಯಾನಾಪೊಲಿಸ್ ನಗರದ ನೆರೆಹೊರೆಯಿಂದ ಬಂದದ್ದು.

ಕಿವಿಗೆ ನೆರೆಮನೆಯ ಹೆಸರಿನಂತೆ ಕೇಳಬೇಕು, ಆದರೆ ಬದುಕಿರುವ ಯಾರಿಗೂ ಚುಚ್ಚಬಾರದು. ಈ ಇಕ್ಕಟ್ಟು ಇಂಗ್ಲೆಂಡಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಿಸಿತು. ಜಾನಿ ಸ್ಪೈಟ್ 1965ರಲ್ಲಿ ಬರೆದ ಒಂದು ಪ್ರಾಯೋಗಿಕ ಕಂತಿನಲ್ಲಿ ಲಂಡನ್ನಿನ ಕಾರ್ಮಿಕ ಕುಟುಂಬದ ಯಜಮಾನನೊಬ್ಬನಿದ್ದಾನೆ. ಬಾಯಿಬಡುಕ, ಪರಕೀಯರೆಂದರೆ ಉರಿದುಬೀಳುವವನು. ಅವನ ಹೆಸರು ಆಲ್ಫ್ ರ್‍ಯಾಮ್ಸಿ. ಇಂಗ್ಲೆಂಡಿನ ಫುಟ್ಬಾಲ್ ತಂಡದ ಮುಖ್ಯಸ್ಥರ ಹೆಸರೂ ಅದೇ! 1966ರಲ್ಲಿ ‘ಟಿಲ್ ಡೆತ್ ಅಸ್ ಡೂ ಪಾರ್ಟ್’ ಧಾರಾವಾಹಿಯಾಗಿ ಬಂದಾಗ ಅವನು ಆಲ್ಫ್ ಗಾರ್ನೆಟ್ ಆಗಿದ್ದ. ಅದೇ ವರ್ಷ ರ್‍ಯಾಮ್ಸಿಯವರ ತಂಡ ವಿಶ್ವಕಪ್ ಗೆದ್ದಿತು. ಗೆದ್ದವರ ಹೆಸರು ಒಬ್ಬ ದ್ವೇಷಿಯ ಬಾಯಿಗೆ ಅಂಟಿಕೊಳ್ಳದೆ ಉಳಿಯಿತು.

ಈ ಗಾರ್ನೆಟ್ಟನನ್ನೇ ಮಾದರಿಯಾಗಿಟ್ಟುಕೊಂಡು, ತಮ್ಮ ತಂದೆಯನ್ನೂ ನೆನೆದು, ನಾರ್ಮನ್ ಲಿಯರ್ ಅಮೆರಿಕದಲ್ಲಿ ಆರ್ಚಿಯನ್ನು ರೂಪಿಸಿದರು. 1968ರ ಪ್ರಾಯೋಗಿಕ ಕಂತಿನಲ್ಲಿ ಅವನ ಮನೆತನ ಜಸ್ಟಿಸ್, ಅಂದರೆ ನ್ಯಾಯ. ಅನ್ಯಾಯದ ಮಾತಾಡುವವನಿಗೆ ನ್ಯಾಯವೆಂಬ ಹೆಸರು! ವ್ಯಂಗ್ಯ ಚೆನ್ನಾಗಿಯೇ ಇತ್ತು. ಆದರೆ ಪಾತ್ರ ಬಾಯಿ ತೆರೆಯುವ ಮೊದಲೇ ಹೆಸರು ಎಲ್ಲವನ್ನೂ ಹೇಳಿಬಿಡುತ್ತಿತ್ತು. 1971ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ಆರಂಭವಾದಾಗ ಅವನು ಆರ್ಚಿ ಬಂಕರ್. ಬಂಕರ್ ಎಂದರೆ ಗುಂಡಿನ ಮಳೆಗೆ ಅಂಜಿ ಸೈನಿಕರು ಹೊಕ್ಕು ಕೂರುವ ನೆಲಮಾಳಿಗೆ. ಬದಲಾಗುವ ಕಾಲಕ್ಕೆ ಹೆದರಿ ತನ್ನ ಕುರ್ಚಿಯನ್ನು ಬಿಟ್ಟೇಳದ ಮುದುಕನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕೀತೇ? ಮೊದಲ ಹೆಸರು ಅವನನ್ನು ಬರಿದೆ ಹಂಗಿಸುತ್ತಿತ್ತು. ಎರಡನೆಯದು ಅವನ ಭಯವನ್ನು ಅರಿತಿದೆ.

ಹೆಸರನ್ನು ಎಷ್ಟೇ ದೂರವಿಟ್ಟರೂ ನಗೆಯ ಹೆಸರು ಮನುಷ್ಯರಿಗೆ ಅಂಟಿಕೊಳ್ಳದೆ ಬಿಡದು. ನಮ್ಮಲ್ಲಿಯೇ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿ ಕಹಿ’ ಧಾರಾವಾಹಿಯನ್ನು ನೆನೆಯಿರಿ. ಅದರ ಚಂದ್ರು ಅಂದಿನಿಂದ ಸಿಹಿ ಕಹಿ ಚಂದ್ರು, ಗೀತಾ ಸಿಹಿ ಕಹಿ ಗೀತಾ. ಧಾರಾವಾಹಿ ಎಂದೋ ಮುಗಿಯಿತು. ಹೆಸರು ಮಾತ್ರ ಮನೆತನದ ಹೆಸರಿನಂತೆ ನಿಂತಿತು. ಹೀಗಿರುವಾಗ ತನ್ನವರ ಹೆಸರನ್ನೇ ತಿಳಿದೂ ತಿಳಿದೂ ನಗೆಗೆ ಒಡ್ಡುವವರು ಯಾರಿದ್ದಾರು?

ಒಬ್ಬರಿದ್ದಾರೆ. ವ್ಯಂಗ್ಯಚಿತ್ರಕಾರ ಮ್ಯಾಟ್ ಗ್ರೇನಿಂಗ್ 1987ರಲ್ಲಿ ಸಿಂಪ್ಸನ್ ಕುಟುಂಬವನ್ನು ತೆರೆಗೆ ತಂದಾಗ ಪೆದ್ದುತಂದೆಗೆ ತಮ್ಮ ತಂದೆಯ ಹೆಸರು ಹೋಮರ್ ಎಂಬುದನ್ನೂ, ತಾಯಿಗೆ ತಮ್ಮ ತಾಯಿ ಮಾರ್ಗರೆಟ್ಟರ ಹೆಸರಿನಿಂದ ಮಾರ್ಜ್ ಎಂಬುದನ್ನೂ ಇಟ್ಟರು. ಲೀಸಾ, ಮ್ಯಾಗಿ ಎಂಬಿಬ್ಬರು ಹುಡುಗಿಯರಿಗೆ ತಂಗಿಯರ ಹೆಸರು. ಮಗನಿಗೆ ಮಾತ್ರ ಮ್ಯಾಟ್ ಎಂದಿಡಲಿಲ್ಲ. ಇಂಗ್ಲಿಷಿನಲ್ಲಿ ತುಂಟ ಹುಡುಗನಿಗೆ ಹೇಳುವ ‘ಬ್ರ್ಯಾಟ್’ ಎಂಬ ಮಾತಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಬಾರ್ಟ್ ಎಂದು ಕರೆದರು. ಮನೆಯವರನ್ನೆಲ್ಲ ಹೆಸರು ಹಿಡಿದು ಕೂಗಿದ ಹುಡುಗ ತಾನು ಮಾತ್ರ ಬಾಗಿಲ ಹಿಂದೆ ಅವಿತುಕೊಂಡ.

ಆದರೂ ಅವರ ಕೈ ಒಂದು ಕಡೆ ತಡೆಯಿತು. ಮನೆಯ ಅಜ್ಜನಿಗೆ ಹೆಸರಿಡಲು ಗ್ರೇನಿಂಗ್ ಒಪ್ಪಲಿಲ್ಲ. ಆ ಕೆಲಸವನ್ನು ಜತೆಯ ಲೇಖಕರಿಗೆ ಬಿಟ್ಟರು. ಅವರು ಏನೂ ಅರಿಯದೆ ಅಬ್ರಹಾಂ ಎಂದು ಆರಿಸಿದರು. ಅದು ಗ್ರೇನಿಂಗ್ ಅವರ ಸ್ವಂತ ಅಜ್ಜನ ಹೆಸರೇ ಆಗಿತ್ತು! ಕಲ್ಪನೆಯ ಸಂಸಾರಕ್ಕೆ ಅಜ್ಜನಿಲ್ಲವೆಂದು ಮೊದಲಲ್ಲಿ ಹೇಳಿದೆನಷ್ಟೆ; ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಕರೆಯದಿದ್ದರೂ ಅಜ್ಜ ಬಂದು ಮೊಮ್ಮಗನ ಮನೆಯಲ್ಲಿ ಕುಳಿತಿದ್ದಾನೆ.