ಗ್ರ್ಯಾಫೀನ್ ಬೆರೆಸಿದ ಪಾಲಿಮರ್ ಮಿಶ್ರಣಗಳು

ಎರಡು ಅಥವಾ ಹೆಚ್ಚು ಪಾಲಿಮರ್‌ಗಳ ಮಿಶ್ರಣಕ್ಕೆ ಗ್ರ್ಯಾಫೀನ್ ಹಾಳೆಗಳನ್ನು ಫಿಲ್ಲರ್ ಆಗಿ ಸೇರಿಸಿ ತಯಾರಿಸುವ ಕಾಂಪೊಸಿಟ್ ವಸ್ತುಗಳು. ಪ್ಲಾಸ್ಟಿಕ್ಕಿಗೆ ವಿದ್ಯುತ್ ವಾಹಕತೆ, ಬಿಗಿತ, ಶಾಖ ಸಾಗಿಸುವ ಗುಣ ತಂದುಕೊಡುವುದು ಇದರ ಉದ್ದೇಶ. ಗ್ರ್ಯಾಫೀನ್ ಎಷ್ಟಿದೆ ಎನ್ನುವುದಕ್ಕಿಂತ ಅದು ಮಿಶ್ರಣದೊಳಗೆ ಎಲ್ಲಿ ನೆಲೆಸಿದೆ ಎನ್ನುವುದು ಇಲ್ಲಿ ಹೆಚ್ಚು ಮುಖ್ಯ.

ಗ್ರ್ಯಾಫೀನ್ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಗ್ರ್ಯಾಫೈಟ್‌ನ ಪದರಗಳನ್ನು ಕೀಳುತ್ತ ಹೋಗಿ ಇದನ್ನು ಬೇರ್ಪಡಿಸಿದರು. 2010ರ ಭೌತವಿಜ್ಞಾನದ ನೊಬೆಲ್ ಇವರಿಗೆ ಸಂದಿತು. ಒಂದು ಗ್ರಾಂ ಗ್ರ್ಯಾಫೀನ್‌ನ ಸೈದ್ಧಾಂತಿಕ ಮೇಲ್ಮೈ ಸುಮಾರು 2,630 ಚದರ ಮೀಟರ್. ಅತಿ ತೆಳುವಾಗಿ, ಅಗಲವಾಗಿ ಹರಡುವುದರಿಂದ ಅಲ್ಪ ಪ್ರಮಾಣದಲ್ಲಿಯೇ ಹಾಳೆಗಳು ಒಂದನ್ನೊಂದು ಮುಟ್ಟಿ ವಿದ್ಯುತ್ತಿಗೆ ದಾರಿಯಾಗುತ್ತವೆ. ಈ ಸಂಪರ್ಕಜಾಲ ಮೊದಲು ಏರ್ಪಡುವ ಪ್ರಮಾಣಕ್ಕೆ ಪರ್ಕೊಲೇಷನ್ ಮಿತಿ ಎಂದು ಹೆಸರು. ಪಾಲಿಸ್ಟೈರೀನ್‌ನಲ್ಲಿ ಇದು ಗಾತ್ರದ ಶೇ. 0.1ರಷ್ಟು ಮಾತ್ರ ಎಂದು 2006ರಲ್ಲಿ ಅಮೆರಿಕದಲ್ಲಿ ರಾಡ್ನಿ ರುವೋಫ್ ಅವರ ತಂಡ ತೋರಿಸಿತು.

ಬೇರೆ ಬೇರೆ ಪಾಲಿಮರ್‌ಗಳು ಸಾಮಾನ್ಯವಾಗಿ ಒಂದರಲ್ಲೊಂದು ಕರಗುವುದಿಲ್ಲ. ಉದ್ದನೆಯ ಅಣುಸರಪಣಿಗಳು ಬೆರೆತಾಗ ಎಂಟ್ರೊಪಿ ಹೆಚ್ಚುವುದು ತೀರ ಕಡಿಮೆ. ಹಾಗಾಗಿ ಒಂದು ಪಾಲಿಮರ್ ಮತ್ತೊಂದರೊಳಗೆ ಹನಿಗಳಾಗಿ ಉಳಿಯುತ್ತದೆ, ಇಲ್ಲವೇ ಎರಡೂ ಹೆಣೆದುಕೊಂಡು ಉದ್ದಕ್ಕೂ ಸಾಗುತ್ತವೆ. ಕೊರತೆಯಂತೆ ಕಾಣುವ ಈ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಣೆದುಕೊಂಡ ಎರಡರಲ್ಲಿ ಒಂದರೊಳಗೆ ಮಾತ್ರ ಫಿಲ್ಲರ್ ನೆಲೆಸಿದರೆ ಅಲ್ಲಿ ದಟ್ಟವಾಗುತ್ತದೆ, ಒಟ್ಟು ಪ್ರಮಾಣ ಕಡಿಮೆಯಿದ್ದರೂ ಸಂಪರ್ಕ ತಪ್ಪುವುದಿಲ್ಲ. ಜಪಾನಿನ ಮಸಾವೊ ಸುಮಿತಾ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಕಾರ್ಬನ್ ಬ್ಲ್ಯಾಕ್ (ಇಂಗಾಲದ ಮಸಿಪುಡಿ) ಬಳಸಿ ಇದನ್ನು ವಿವರಿಸಿದರು. ಇದನ್ನು ಜೋಡಿ ಪರ್ಕೊಲೇಷನ್ ಎನ್ನುತ್ತಾರೆ.

ಹಾಳೆಗಳು ಎರಡು ಪಾಲಿಮರ್‌ಗಳ ಗಡಿಯಲ್ಲಿಯೇ ನಿಂತರೆ ಇನ್ನೂ ಕಡಿಮೆ ಗ್ರ್ಯಾಫೀನ್ ಸಾಕು. ಗಡಿಯಲ್ಲಿರುವ ಗ್ರ್ಯಾಫೀನ್, ಪಾಲಿಮರ್ ಹನಿಗಳು ಒಂದಾಗುವುದನ್ನೂ ತಡೆದು ರಚನೆಯನ್ನು ಸೂಕ್ಷ್ಮವಾಗಿ ಉಳಿಸಬಲ್ಲದು. ಆದರೆ ಅಲ್ಲಿ ನಿಲ್ಲಿಸುವುದು ಸುಲಭವಲ್ಲ. ಮೇಲ್ಮೈ ಶಕ್ತಿಗಳ ಲೆಕ್ಕ ಹಾಳೆಗಳ ಅಂತಿಮ ಸ್ಥಾನವನ್ನಷ್ಟೇ ಹೇಳುತ್ತದೆ. ಕರಗಿದ ಪಾಲಿಮರ್ ಮಂದವಾಗಿದ್ದರೆ ಅವು ಅಲ್ಲಿಗೆ ತಲುಪುವ ಮೊದಲೇ ವಸ್ತು ತಣಿದಿರುತ್ತದೆ. ಆದ್ದರಿಂದ ಗ್ರ್ಯಾಫೀನ್ ಅನ್ನು ಮೊದಲು ತನಗೆ ಒಗ್ಗದ ಪಾಲಿಮರ್‌ಗೆ ಸೇರಿಸಿ, ಆಮೇಲೆ ಎರಡನೆಯದನ್ನು ಬೆರೆಸುವ ಉಪಾಯವುಂಟು. ಹಾಳೆಗಳು ಒಗ್ಗುವ ಕಡೆಗೆ ಸರಿಯುತ್ತಿರುವಾಗ, ಗಡಿಯಲ್ಲಿರುವ ಕ್ಷಣಕ್ಕೆ ಮಿಶ್ರಣವನ್ನು ನಿಲ್ಲಿಸಬೇಕು.

ತಯಾರಿಕೆಯಲ್ಲಿ ಕಾಡುವುದು ಹಾಳೆಗಳು ಮತ್ತೆ ಒಂದರ ಮೇಲೊಂದು ಅಂಟಿಕೊಳ್ಳುವ ತೊಂದರೆ. ಎಕ್ಸ್‌ಟ್ರೂಡರ್‌ನಲ್ಲಿ (ಪಾಲಿಮರ್ ಕರಗಿಸಿ ಕಲಸುವ ಯಂತ್ರ) ಜೋರಾಗಿ ಕಲಸಿದರೆ ಗಂಟುಗಳು ಬಿಡಿಸಿಕೊಂಡಾವು, ಆದರೆ ಹಾಳೆಗಳೂ ಹರಿಯುತ್ತವೆ. ದ್ರಾವಕದಲ್ಲಿ ಬೆರೆಸಿದರೆ ಹರಡುವಿಕೆ ಉತ್ತಮ, ದ್ರಾವಕವನ್ನು ಹೊರತೆಗೆಯುವ ಖರ್ಚು ಮಾತ್ರ ದೊಡ್ಡದು. ಗ್ರ್ಯಾಫೀನ್ ಆಕ್ಸೈಡ್ ಪಾಲಿಮರ್‌ಗಳ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಅದರಲ್ಲಿ ವಾಹಕತೆಯಿಲ್ಲ, ಆಕ್ಸೈಡನ್ನು ಅಪಕರ್ಷಿಸಿ (ಆಮ್ಲಜನಕವನ್ನು ತೆಗೆದು) ವಾಹಕತೆಯನ್ನು ಮರಳಿಸಬೇಕು. ಮಾರುಕಟ್ಟೆಯ ಸರಕಿನ ಗುಣಮಟ್ಟವೂ ನೆಚ್ಚುವಂಥದ್ದಲ್ಲ. 60 ಕಂಪನಿಗಳ ಮಾದರಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಹುತೇಕ ಮಾದರಿಗಳಲ್ಲಿ ನಿಜವಾದ ಗ್ರ್ಯಾಫೀನ್ ಶೇ. 10ಕ್ಕಿಂತ ಕಡಿಮೆ, ಉಳಿದದ್ದರಲ್ಲಿ ಹೆಚ್ಚಿನದು ಗ್ರ್ಯಾಫೈಟ್ ಪುಡಿ.

ವಿದ್ಯುತ್ಕಾಂತೀಯ ಅಡಚಣೆಯಿಂದ ಉಪಕರಣಗಳನ್ನು ಕಾಪಾಡುವ ಹಗುರ ಹೊದಿಕೆಗಳು ಮುಖ್ಯ ಬಳಕೆಗಳಲ್ಲೊಂದು. 20 ಡೆಸಿಬೆಲ್ ರಕ್ಷಣೆಯೆಂದರೆ ಅಲೆಯ ಶಕ್ತಿಯಲ್ಲಿ ಶೇ. 99ರಷ್ಟನ್ನು ತಡೆದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ ಈ ಕ್ಷೇತ್ರದಲ್ಲಿ ಪಾಲಿಕಾರ್ಬೊನೇಟ್ ಮುಂತಾದವುಗಳ ಮಿಶ್ರಣಗಳ ಮೇಲೆ ಸಂಶೋಧನೆ ನಡೆಸಿದೆ.