1779ರ ಚಿತ್ರದುರ್ಗ ಮತ್ತು ‘ದ್ರೋಹ’ದ ಹೊರೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮಕ್ಕಳು ಶಾಲೆಯಲ್ಲಿ ಒನಕೆ ಓಬವ್ವನ ಕಥೆ ಕೇಳುವಾಗ, ಕೇವಲ ಹೆಸರಿನ ಕಾರಣಕ್ಕೆ ಹೈದರಾಲಿಯ ಪಕ್ಷಕ್ಕೆ ಸೇರಿಸಲ್ಪಡುವುದುಂಟು. ಆ ಕೋಟೆಯನ್ನು ಕಾಯುತ್ತಿದ್ದ ಮದಕರಿ ನಾಯಕನ ಸೇನೆಯಲ್ಲಿಯೂ ಮುಸ್ಲಿಮರಿದ್ದರೆಂದು ಹೇಳುವವರು ವಿರಳ. ಹೇಳಿದರೂ ಮಾತು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಅವರು ದ್ರೋಹವೆಸಗಿದರು, ದುರ್ಗ ಬಿದ್ದಿತು.

ಈ ವಾಕ್ಯವನ್ನು ಬರೆದವರು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಅವರ ಇತಿಹಾಸ ಗ್ರಂಥ 1810ರಿಂದ ಪ್ರಕಟವಾಯಿತು. ಮುಂದೆ ಬಿ.ಎಲ್. ರೈಸರ ಗೆಜೆಟಿಯರ್ ಅದನ್ನೇ ಪುನರುಚ್ಚರಿಸಿತು. 1799ರಲ್ಲಿ ಟಿಪ್ಪುವನ್ನು ಉರುಳಿಸಿ ಒಡೆಯರನ್ನು ಸಿಂಹಾಸನಕ್ಕೇರಿಸಿದ ಕಂಪನಿಗೆ ಹೈದರ್ ‘ರಾಜ್ಯಾಪಹಾರಿ’ಯಾಗಿರುವುದು ಅಗತ್ಯವಾಗಿತ್ತು. 1761ರಲ್ಲಿ ಆತ ಸೇನಾಬಲದಿಂದ ಅಧಿಕಾರ ಹಿಡಿದದ್ದು ನಿಜವೇ; ಅದಕ್ಕೂ ಮೊದಲೇ ಅರಸರು ದಳವಾಯಿಗಳ ಹಿಡಿತದಲ್ಲಿದ್ದರೆಂಬುದೂ ಅಷ್ಟೇ ನಿಜ. ಇತ್ತ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯವರ ಪಾರಸಿ ಚರಿತ್ರೆಯಲ್ಲಿ ಅದೇ ಹೈದರ್ ವೀರನಾಯಕ. ಸ್ವಾತಂತ್ರ್ಯ ಹೋರಾಟದ ಕಾಲದವರು ಆತನಲ್ಲಿ ಆಂಗ್ಲರ ಶತ್ರುವನ್ನು ಕಂಡರು. ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ಬೇಕಾದ ಹೈದರನನ್ನು ಕಟ್ಟಿಕೊಂಡರೆನ್ನಬಹುದು.

ಮದಕರಿಯ ಕೆಲವು ಮುಸ್ಲಿಮ್ ಅಧಿಕಾರಿಗಳು ಹೈದರನೊಡನೆ ಒಳಸಂಚು ನಡೆಸಿದರೆಂದೇ ಇಟ್ಟುಕೊಳ್ಳೋಣ. 1760ರಲ್ಲಿ ಹೈದರನ ಆಶ್ರಯದಲ್ಲಿಯೇ ಬೆಳೆದ ಖಂಡೇರಾವ್ ಅರಮನೆಯ ಪಕ್ಷ ಸೇರಿ ಆತನ ಮೇಲೆ ತಿರುಗಿಬಿದ್ದನು. ಇತಿಹಾಸಕಾರರು ಅದನ್ನು ಒಬ್ಬ ಮಂತ್ರಿಯ ರಾಜಕೀಯ ನಡೆಯೆಂದು ಬರೆದರೇ ಹೊರತು ಬ್ರಾಹ್ಮಣರ ದ್ರೋಹವೆಂದು ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ದುರ್ಗದ ಅಧಿಕಾರಿಗಳಿಗೆ ಮಾತ್ರ ಬೇರೆ ಅಳತೆಗೋಲೇಕೆ?

ಆದರೆ ಈ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿರಿ ಎಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ. ಕೋಟೆ ಬಿದ್ದ ಬಳಿಕ ಸುಮಾರು 20,000 ಬೇಡರನ್ನು ಹೈದರ್ ಬಲವಂತವಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ‘ಚೇಲಾ’ ಪಡೆಗಳಿಗೆ ಸೇರಿಸಿದನೆಂದು ರೈಸ್ ದಾಖಲಿಸುತ್ತಾರೆ. ಸಂಖ್ಯೆಯ ಬಗ್ಗೆ ಚರ್ಚಿಸಬಹುದು. ಹೈದರ್ ಕಂಪನಿಯ ವೈರಿಯಾಗಿದ್ದನೆಂಬ ಒಂದೇ ಕಾರಣಕ್ಕೆ ಈ ಅನ್ಯಾಯವನ್ನು ಮರೆಮಾಚಲಾಗದು. ಧರ್ಮದಲ್ಲಿ ಬಲಾತ್ಕಾರವಿಲ್ಲವೆನ್ನುವ ನಾವು ಆ ಬಾಲಕರ ಪರವಾಗಿಯೂ ಮಾತನಾಡಬೇಕು.

ಮದಕರಿ ನಾಯಕನು ಬಂದಿಯಾಗಿ ಶ್ರೀರಂಗಪಟ್ಟಣ ಸೇರಿದನು, ದುರ್ಗಕ್ಕೆ ಮರಳಲಿಲ್ಲ. ಮೂರೇ ವರ್ಷಗಳಲ್ಲಿ, 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಬಳಿಯ ದಂಡಿನಲ್ಲಿ ಹೈದರನೂ ತೀರಿಕೊಂಡನು.