ಹಿಮದ ಕೆಳಗಿನ ಕಡಲುಗಳು

ಆಹಾರ ಸರಪಳಿಯ ಪಾಠ ಮಾಡುವಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಮೊದಲು ಸೂರ್ಯನ ಚಿತ್ರ ಬರೆಯುತ್ತಿದ್ದೆ. ‘ಸೂರ್ಯನಿಲ್ಲದೆ ಜೀವವಿಲ್ಲ’ ಎಂಬ ವಾಕ್ಯವನ್ನು ನನ್ನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. ನಾನು ಅದನ್ನು ಹೇಳಿಕೊಡುವ ಕಾಲಕ್ಕಾಗಲೇ ಆ ಮಾತು ಪೂರ್ಣಸತ್ಯವಾಗಿ ಉಳಿದಿರಲಿಲ್ಲ. ಅದನ್ನು ತಿದ್ದುವ ಋಣ ನನ್ನ ಮೇಲಿದೆ.

1977ರಲ್ಲಿ ಭೂವಿಜ್ಞಾನಿಗಳು ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಗಲಪಗೋಸ್ ದ್ವೀಪಗಳ ಸಮೀಪ ಸುಮಾರು 2,500 ಮೀಟರ್ ಆಳಕ್ಕೆ ಇಳಿದರು. ಅವರು ಅರಸಿ ಹೋದದ್ದು ಬಿಸಿನೀರಿನ ಬುಗ್ಗೆಗಳನ್ನು. ಬುಗ್ಗೆಗಳ ಸುತ್ತ ಅವರಿಗೆ ಕಂಡದ್ದು ಚಿಪ್ಪುಜೀವಿಗಳು, ಏಡಿಗಳು, ಕೊಳವೆಹುಳುಗಳ ದಟ್ಟ ಸಮುದಾಯ. ಬೆಳಕು ಎಂದೂ ತಲುಪದ ಆ ತಾಣದಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡಿನಿಂದ ಶಕ್ತಿ ಪಡೆದು ಆಹಾರ ತಯಾರಿಸುತ್ತವೆಯೆಂಬುದು ಮುಂದೆ ತಿಳಿಯಿತು.

ಎರಡು ವರ್ಷಗಳ ನಂತರ, 1979ರಲ್ಲಿ, ವಾಯೇಜರ್ ನೌಕೆಗಳು ಗುರು ಗ್ರಹದ ಬಳಿ ಸಾಗಿದವು. 1610ರಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಬರಿಯ ಚುಕ್ಕೆಗಳಾಗಿ ಕಂಡ ಉಪಗ್ರಹಗಳ ಪೈಕಿ ಯುರೋಪಾ ಈಗ ಗೀರುಗಳಿಂದ ತುಂಬಿದ ಹಿಮಗೋಳವಾಗಿ ಕಂಡಿತು. ಅದರ ಮೇಲೆ ಕುಳಿಗಳು ತೀರ ವಿರಳ. ಅಂದರೆ ಮೇಲ್ಮೈ ಹಳೆಯದಲ್ಲ. ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದಾದ ಈ ಗೋಳಕ್ಕೆ ಸೂರ್ಯನಿಂದ ಅಷ್ಟು ದೂರದಲ್ಲಿ ಶಾಖವೆಲ್ಲಿಯದು? ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗುವ ಜಾಗ ಬಿಸಿಯಾಗುವುದನ್ನು ನೀವು ಮಾಡಿ ನೋಡಿದ್ದೀರಿ. ಯುರೋಪಾದ ಕಕ್ಷೆ ಪೂರ್ಣ ವೃತ್ತವಲ್ಲ. ಆದ್ದರಿಂದ ಗುರುವಿನ ಸೆಳೆತ ಹೆಚ್ಚುಕಡಿಮೆಯಾಗುತ್ತ ಅದನ್ನು ನಿರಂತರವಾಗಿ ಹಿಸುಕುತ್ತದೆ.

1995ರಲ್ಲಿ ಗುರುವನ್ನು ತಲುಪಿದ ಗೆಲಿಲಿಯೊ ನೌಕೆಯ ಕಾಂತಮಾಪಕವು ಗಟ್ಟಿಯಾದ ಸುಳಿವನ್ನು ಕೊಟ್ಟಿತು. ಗುರುವಿನ ಕಾಂತಕ್ಷೇತ್ರ ಬದಲಾದಂತೆಲ್ಲ ಯುರೋಪಾದಲ್ಲಿ ಪ್ರೇರಿತ ಕಾಂತಕ್ಷೇತ್ರ ಹುಟ್ಟುತ್ತಿತ್ತು. ಹಿಮದಡಿಯಲ್ಲಿ ವಿದ್ಯುತ್ತನ್ನು ಹರಿಯಗೊಡುವ ಉಪ್ಪುನೀರು ಇದೆಯೆಂಬುದೇ ಇದಕ್ಕೆ ಸೂಕ್ತ ವಿವರಣೆ.

ಮುಂದಿನ ಸಂಗತಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದೆ. ಇಂಧನ ಮುಗಿಯುತ್ತ ಬಂದ ಗೆಲಿಲಿಯೊ ನೌಕೆಯನ್ನು 2003ರ ಸೆಪ್ಟೆಂಬರ್ 21ರಂದು ಬೇಕೆಂದೇ ಗುರುವಿನ ವಾತಾವರಣದಲ್ಲಿ ಸುಡಲಾಯಿತು. ನೌಕೆಗೆ ಅಂಟಿಕೊಂಡಿರಬಹುದಾದ ಭೂಮಿಯ ಸೂಕ್ಷ್ಮಜೀವಿಗಳು ಎಂದಾದರೂ ಯುರೋಪಾವನ್ನು ಸೇರಿಬಿಟ್ಟಾವು ಎಂಬುದೇ ಆತಂಕ. ಇನ್ನೂ ಕಾಣದ, ಇದೆಯೋ ಇಲ್ಲವೋ ತಿಳಿಯದ ಜೀವಕ್ಕೆ ಮನುಷ್ಯ ತೋರಿದ ಮರ್ಯಾದೆ ಇದು.

ಶನಿಯ ಸುತ್ತಲೂ ಇದೇ ಕಥೆ. ಕೇವಲ 500 ಕಿಲೋಮೀಟರ್ ವ್ಯಾಸದ ಎನ್ಸೆಲಾಡಸ್‌ನ ದಕ್ಷಿಣ ಧ್ರುವದಿಂದ ನೀರಾವಿ, ಹಿಮಕಣಗಳು ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಆ ಚಿಲುಮೆಯಲ್ಲಿ ಉಪ್ಪು, ಸಾವಯವ ಅಣುಗಳು, ಹೈಡ್ರೋಜನ್ ದೊರೆತವು. ಕ್ಯಾಸಿನಿಯ ದತ್ತಾಂಶದಲ್ಲೇ ಫಾಸ್ಫೇಟ್ ಕೂಡ ಪತ್ತೆಯಾಯಿತೆಂದು 2023ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಕ್ಯಾಸಿನಿ ಉಳಿದಿರಲಿಲ್ಲ. 2017ರ ಸೆಪ್ಟೆಂಬರ್ 15ರಂದು ಅದನ್ನೂ ಇದೇ ಎಚ್ಚರಿಕೆಯಿಂದ ಶನಿಯಲ್ಲಿ ಸುಟ್ಟಿದ್ದರು.

2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವನ್ನು ತಲುಪಬೇಕಿದೆ. ಅದರ ಕೆಲಸ ಜೀವವನ್ನು ಹಿಡಿದು ತೋರಿಸುವುದಲ್ಲ, ಅಲ್ಲಿ ಜೀವ ಬಾಳಬಲ್ಲುದೇ ಎಂದು ಪರೀಕ್ಷಿಸುವುದು.

ಭೂಮಿಯಾಚೆ ಜೀವ ಇದುವರೆಗೆ ಎಲ್ಲಿಯೂ ಸಿಕ್ಕಿಲ್ಲ. ಆದರೂ ಹಳೆಯ ವಿಜ್ಞಾನದ ನೋಟ್‌ಪುಸ್ತಕ ನಿಮ್ಮಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ ದಯವಿಟ್ಟು ಹೀಗೆ ತಿದ್ದಿಕೊಳ್ಳಿ: ‘ಜೀವಕ್ಕೆ ಶಕ್ತಿ ಬೇಕು. ಭೂಮಿಯಲ್ಲಿ ಅದರ ಬಹುಭಾಗವನ್ನು ಕೊಡುವವನು ಸೂರ್ಯ.’ ತಪ್ಪು ನಿಮ್ಮದಲ್ಲ, ಮೇಷ್ಟರದ್ದು.